ಮನೆಯೊಳಗಿನ ಧೂಳೂ ಮಕ್ಕಳ ಉಸಿರೂ

(ತಿರುಪ್ಪೂರಿನಲ್ಲಿ ಸೇರಿದ್ದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆಯ ವಿಷಯವನ್ನು ಆರಿಸಿದವರು ನಾವಲ್ಲ. ಹಿಂದಿನ ಕೂಟ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಾಲ್ಕೈದು ಮಂದಿ ತಾಯಂದಿರು ನಮ್ಮನ್ನು ಸುತ್ತುಗಟ್ಟಿ ನಿಂತರು. "ಬೋನಸ್ಸಿನ ಮಾತಾಯಿತು, ಪಿ.ಎಫ್. ಮಾತಾಯಿತು. ರಾತ್ರಿ ಎರಡು ಗಂಟೆಗೆ ಮಗು ಎದ್ದು ಕೂತು ಗೊರಗೊರ ಅನ್ನುತ್ತದಲ್ಲ, ಅದಕ್ಕೊಂದು ದಾರಿ ಹೇಳಿರಿ" ಎಂದರು. ನಮಗೆ ಆಗ ಉತ್ತರ ತಿಳಿಯಲಿಲ್ಲ. ನಾವು ವೈದ್ಯರಲ್ಲ. ನಮ್ಮಲ್ಲಿ ಇಬ್ಬರು ಗಿರಣಿಯಲ್ಲಿ ದುಡಿದವರು, ಒಬ್ಬರು ಮಗ್ಗದ ಮನೆಯಲ್ಲಿ ಹುಟ್ಟಿದವರು, ಒಬ್ಬ ಸಹೋದರಿ ದಾದಿಯ ಕೆಲಸ ಬಲ್ಲವರು. ಆ ದಿನದಿಂದ ಕೆಲವು ಮನೆಗಳಿಗೆ ಹೋಗಿ ಕೂತು ನೋಡಿದೆವು, ತಿಳಿದವರನ್ನು ಕೇಳಿದೆವು, ಓದಿದೆವು. ಹಾಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ನಾವು ಬದುಕುವ ನೆಲ ಎಂಥದು ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳೋಣ. ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿ ಎದ್ದದ್ದು 1888ರಲ್ಲಿ. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಒಂದರ ಬೆನ್ನಿಗೆ ಒಂದು ಹುಟ್ಟಿದವು. ತಿರುಪ್ಪೂರು ಬನಿಯನ್ನಿನ ಊರಾಯಿತು. 2009ರಲ್ಲಿ ಬೇರೆ ಜಿಲ್ಲೆಯೂ ಆಯಿತು. ಸೋಮನೂರು, ಪಲ್ಲಡಂ ಕಡೆ ಹೋದರೆ ಒಂದು ಗೋಡೆಯ ಆಚೆ ಪವರ್‌ಲೂಮು, ಈಚೆ ಅಡಿಗೆಯ ಒಲೆ. ಸಿರುಮುಗೈಯಂಥ ಊರುಗಳಲ್ಲಿ ಕನ್ನಡ ಮನೆಮಾತಿನ ನೇಕಾರರು ತಲೆತಲಾಂತರದಿಂದ ಮಗ್ಗದ ಪಕ್ಕದಲ್ಲಿಯೇ ಉಂಡು ಮಲಗಿದವರು. ಆದುದರಿಂದ "ಕಾರ್ಖಾನೆಯ ಧೂಳು", "ಮನೆಯ ಧೂಳು" ಎಂದು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯ ಬರೆದ ಹಾಗೆ ನಮ್ಮಲ್ಲಿ ಬರೆಯಲಾಗದು. ಎರಡೂ ಒಂದೇ ಬಾಗಿಲಿನಿಂದ ಓಡಾಡುತ್ತವೆ.

ಇದರ ಮೇಲೆ ಗಾಳಿ. ಪಶ್ಚಿಮಘಟ್ಟದ ಸಾಲು ಪಾಲಕ್ಕಾಡಿನ ಬಳಿ ಬಾಗಿಲು ತೆರೆದಂತೆ ಬಿಟ್ಟುಕೊಂಡಿದೆ. ಮುಂಗಾರಿನಲ್ಲಿ ಆ ಕಂಡಿಯಿಂದ ನುಗ್ಗುವ ಗಾಳಿ ನಮ್ಮ ಮೇಲೆಯೇ ಹಾಯುತ್ತದೆ. ಆಡಿ ತಿಂಗಳ ಗಾಳಿಗೆ ರುಬ್ಬುವ ಕಲ್ಲೂ ಹಾರೀತು ಎಂದು ಇಲ್ಲಿಯ ತಮಿಳು ನೆರೆಯವರು ಹೇಳುವುದುಂಟು. ಕಲ್ಲು ಹಾರಿದ್ದನ್ನು ನಾವು ಕಾಣೆವು. ಬೀದಿಯ ಮಣ್ಣೆಲ್ಲ ಹಾರಿ ಅನ್ನದ ಪಾತ್ರೆಗೆ ಬೀಳುವುದನ್ನು ವರ್ಷವರ್ಷವೂ ಕಾಣುತ್ತೇವೆ.

ಧೂಳು ಎಂದರೇನು? ಒಂದು ಮನೆಯಲ್ಲಿ ಸೀಲಿಂಗ್ ಫ್ಯಾನಿನ ಒಂದು ರೆಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರಸಿದೆವು. ಕರಿಯ ಕಂಬಳಿಯ ತುಂಡಿನಂತೆ ಒಂದು ಪದರ ಎದ್ದು ಬಂತು. ಆ ಮನೆಯ ತಾಯಿಗೆ ನಾಚಿಕೆಯಾಗಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾಚಿಕೆ ಪಡಬೇಕಾದದ್ದು ಏನೂ ಇರಲಿಲ್ಲ. ನಮ್ಮ ಮನೆಗಳ ಫ್ಯಾನೂ ಹಾಗೆಯೇ ಇದ್ದವು. ಅದರಲ್ಲಿ ಹತ್ತಿಯ ನಾರು, ಬೀದಿಯ ಮಣ್ಣು, ಒಲೆಯ ಮಸಿ, ಜಿರಲೆಯ ಹಿಕ್ಕೆ, ಬೂಷ್ಟಿನ ಬೀಜ, ನಮ್ಮೆಲ್ಲರ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟು, ಇವೆಲ್ಲ ಇರುತ್ತವೆ. ಆ ಹೊಟ್ಟನ್ನು ತಿಂದು ಬದುಕುವ ಒಂದು ಸಣ್ಣ ಜೀವಿಯೂ ಇದೆ. ಧೂಳಿನ ನುಸಿ ಎಂದು ಕರೆಯೋಣ. ಜೇಡದ ಜಾತಿಗೆ ಸೇರಿದ್ದು, ಎಂಟು ಕಾಲು, ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲನ್ನೂ ಮೀರದು. ಅದು ಕಚ್ಚುವುದಿಲ್ಲ. ಅದರ ಹಿಕ್ಕೆಯಲ್ಲಿರುವ ಒಂದು ಪದಾರ್ಥ ಕೆಲವರ ಮೂಗಿಗೂ ಶ್ವಾಸಕೋಶಕ್ಕೂ ಆಗಿಬರುವುದಿಲ್ಲ. ಮನೆಯ ಧೂಳಿನಿಂದ ಉಬ್ಬಸ ಬರುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಿದ್ದರೂ ಆ ಧೂಳಿನಲ್ಲಿ ತೊಂದರೆ ಕೊಡುವುದು ಈ ನುಸಿಯೇ ಎಂದು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು ತೋರಿಸಿದ್ದು 1964ರಲ್ಲಿ.

ಈ ನುಸಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಗಾಳಿ ಬಹಳ ಒಣಗಿದರೆ ಅದೂ ಒಣಗಿ ಸಾಯುತ್ತದೆ. ನಮ್ಮ ಕಡೆ ಹೆಚ್ಚಿನ ಮಳೆ ಬರುವುದು ಹಿಂಗಾರಿನಲ್ಲಿ, ಅಕ್ಟೋಬರು ನವೆಂಬರಿನಲ್ಲಿ. ಹಾಗಾದರೆ ನೋಡಿರಿ: ಆಷಾಢದಲ್ಲಿ ಗಾಳಿಯ ಮಣ್ಣು, ದೀಪಾವಳಿಯ ಹೊತ್ತಿಗೆ ಪಟಾಕಿಯ ಹೊಗೆ, ಅದರ ಜೊತೆಗೇ ತೇವದಲ್ಲಿ ಬೆಳೆದ ನುಸಿ. ಈ ತಿಂಗಳುಗಳಲ್ಲಿ ಮಗುವಿಗೆ ಹೆಚ್ಚಾಗುತ್ತದೆ ಎಂದು ತಾಯಂದಿರು ಹೇಳುವುದು ಸುಳ್ಳಲ್ಲ.

ಇಲ್ಲಿ ಒಂದು ಮನೆಯ ಕಥೆ ಹೇಳಲೇಬೇಕು. ಗಂಡ ಪಲ್ಲಡಂ ಕಡೆಯ ಒಂದು ಓಪನ್‌ಎಂಡ್ ಗಿರಣಿಯಲ್ಲಿ ಕಾರ್ಡಿಂಗ್ ಕೆಲಸ. ಹೆಂಡತಿ ಮನೆಯಲ್ಲೇ ಬನಿಯನ್ ವೇಸ್ಟ್ ಬಿಡಿಸುತ್ತಾರೆ. ಕಟಿಂಗ್ ಮೇಜಿನಿಂದ ಬಿದ್ದ ಬಟ್ಟೆಯ ಚೂರುಗಳ ಮೂಟೆ ಮನೆಗೆ ಬರುತ್ತದೆ. ಬಿಳಿಯದು ಬೇರೆ, ಬಣ್ಣದ್ದು ಬೇರೆ, ದಾರ ಬೇರೆ ಮಾಡಿ ಕೊಟ್ಟರೆ ಕಿಲೋ ಲೆಕ್ಕದಲ್ಲಿ ಕೂಲಿ. ಸಾಲುಮನೆಯ ಒಂದೇ ಕೋಣೆ; ಹತ್ತಡಿಗೆ ಹತ್ತಡಿ. ಹಗಲು ಮೂಟೆಗೆ ಒರಗಿ ಕೆಲಸ, ರಾತ್ರಿ ಅದೇ ಮೂಟೆಯ ಪಕ್ಕದಲ್ಲಿ ಚಾಪೆ. ಆರು ವರ್ಷದ ಹುಡುಗಿಗೆ ಮೂಟೆಯೇ ಮೆತ್ತೆ; ಅದರ ಮೇಲೆ ಹತ್ತಿ ಕುಣಿಯುತ್ತಾಳೆ. ರಾತ್ರಿಯಾದರೆ ಕೆಮ್ಮು, ಬೆಳಗಿನ ಜಾವಕ್ಕೆ ಉಬ್ಬಸ. "ನೆಗಡಿ ಎದೆಗೆ ಇಳಿದಿದೆ" ಎಂದು ಅಜ್ಜಿ ಎದೆಗೆ ಎಣ್ಣೆ ಹಚ್ಚುತ್ತಿದ್ದರು. ನಾವು ಎರಡನೆಯ ಸಲ ಹೋದಾಗ ಆ ತಾಯಿ ಚೂರು ಬಿಡಿಸುವ ಕೈ ನಿಲ್ಲಿಸದೆಯೇ ಕೇಳಿದರು: "ಅಣ್ಣಾ, ಒಂದೇ ಮಾತು ಹೇಳಿ. ನಾನು ಈ ಕೆಲಸ ಬಿಡಬೇಕಾ?"

ಈ ಪ್ರಶ್ನೆಗೆ ನಾವು ಆ ದಿನ ಉತ್ತರ ಕೊಡಲಿಲ್ಲ. ಬಿಡಿ ಎನ್ನುವುದು ಸುಲಭ. ಬಿಟ್ಟ ವಾರ ಮಗುವಿನ ಹಾಲು ಎಲ್ಲಿಂದ ಬರಬೇಕು?

ಮತ್ತೊಂದು ಮನೆಯಲ್ಲಿ ಇದಕ್ಕೆ ತಿರುಗುಮುರುಗಾದದ್ದನ್ನು ಕಂಡೆವು. ಅಲ್ಲಿ ಕೆಮ್ಮುವವರು ಒಬ್ಬ ಹಿರಿಯರು. ಇಪ್ಪತ್ತೆಂಟು ವರ್ಷ ಬ್ಲೋರೂಮಿನಲ್ಲಿಯೂ ಕಾರ್ಡಿಂಗಿನಲ್ಲಿಯೂ ಕೆಲಸ ಮಾಡಿದವರು. ಈಗ ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ. "ಮನೆಯ ಧೂಳಿನ ಅಲರ್ಜಿ" ಎಂದು ಯಾರೋ ಹೇಳಿದ್ದನ್ನು ಅವರ ಹೆಂಡತಿ ಮನಸ್ಸಿಗೆ ಹಚ್ಚಿಕೊಂಡು ದಿನಕ್ಕೆ ಮೂರು ಸಲ ಮನೆ ಗುಡಿಸುತ್ತಾರೆ. ಗುಡಿಸಿದಷ್ಟೂ ಅವರಿಗೆ ಕೆಮ್ಮು. "ಎಲ್ಲಿ ಕಸ ಬಿಟ್ಟೆನೋ" ಎಂದು ಆಕೆ ಕಣ್ಣೀರು ಹಾಕುತ್ತಾರೆ. ನಾವು ಹಿರಿಯರನ್ನು ಕೇಳಿದೆವು, "ಕೆಲಸದಲ್ಲಿದ್ದಾಗ ಯಾವ ದಿನ ಎದೆ ಹೆಚ್ಚು ಬಿಗಿಯುತ್ತಿತ್ತು?" ಅವರು ಯೋಚಿಸದೆ ಹೇಳಿದರು, "ರಜೆ ಮುಗಿಸಿ ಹೋದ ದಿನ."

ಅಲರ್ಜಿಯ ಸಾಮಾನ್ಯ ಉಬ್ಬಸಕ್ಕೂ ಹತ್ತಿಯ ಧೂಳಿನ ರೋಗಕ್ಕೂ ಇರುವ ಗುರುತು ಇದೇ. ಇಂಗ್ಲೆಂಡಿನ ಲಂಕಾಷೈರಿನ ಗಿರಣಿಗಳಲ್ಲಿ ಭಾನುವಾರ ರಜೆ. ಸೋಮವಾರ ಕೆಲಸಕ್ಕೆ ಬಂದವರಿಗೆ ಎದೆ ಬಿಗಿಯುತ್ತಿತ್ತು, ಮಂಗಳವಾರ ಬುಧವಾರಕ್ಕೆ ಸಡಿಲವಾಗುತ್ತಿತ್ತು. ಶಿಲ್ಲಿಂಗ್ ಎಂಬ ವೈದ್ಯರು 1950ರ ದಶಕದಲ್ಲಿ ಅಲ್ಲಿ ಕೆಲಸಗಾರರನ್ನು ಪರೀಕ್ಷಿಸಿ ಈ ರೋಗದ ಹಂತಗಳನ್ನು ಗೊತ್ತುಮಾಡಿದರು. ಬಿಸಿನೋಸಿಸ್ ಎಂದು ಹೆಸರು. ನಮ್ಮ ಗಿರಣಿಗಳಲ್ಲಿ ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ ಬರುವುದರಿಂದ "ಸೋಮವಾರದ ರೋಗ" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ರಜೆಯ ಮರುದಿನದ ರೋಗ ಎನ್ನಬೇಕು. ಹತ್ತಿಯ ಕಾಯಿಯ ಸುತ್ತಲಿನ ಒಣ ಎಲೆಯ ಪುಡಿ, ಅದರ ಮೇಲೆ ಬೆಳೆದ ಸೂಕ್ಷ್ಮಾಣುಗಳ ವಿಷ ಇದಕ್ಕೆ ಮುಖ್ಯ ಕಾರಣವೆಂದು ತಿಳಿದವರು ಹೇಳುತ್ತಾರೆ. ಮೊದಲ ವರ್ಷಗಳಲ್ಲಿ ಕೆಲಸ ಬದಲಿಸಿದರೆ ಗುಣವಾಗಬಹುದು. ವರ್ಷಗಟ್ಟಲೆ ಎಳೆದುಕೊಂಡರೆ ಹೋದ ಉಸಿರು ತಿರುಗಿ ಬರದು.

ಇದು ಹೊಸ ಸಂಗತಿಯೂ ಅಲ್ಲ. ಇಟಲಿಯ ರಮಾಜ್ಜೀನಿ ಎಂಬ ವೈದ್ಯರು 1700ರಲ್ಲಿ ಕಸುಬುಗಳಿಂದ ಬರುವ ರೋಗಗಳ ಕುರಿತು ಪುಸ್ತಕ ಬರೆದಾಗ ಅಗಸೆ ಸೆಣಬುಗಳ ನಾರನ್ನು ಹಿಂಜುವವರ ಕೆಮ್ಮನ್ನೂ ಅದರಲ್ಲಿ ಸೇರಿಸಿದ್ದರು. ಅಮೆರಿಕದಲ್ಲಿ ನೂಲು ತೆಗೆಯುವ ವಿಭಾಗದ ಗಾಳಿಯಲ್ಲಿ ಪ್ರತಿ ಘನಮೀಟರಿಗೆ 200 ಮೈಕ್ರೋಗ್ರಾಮಿಗಿಂತ ಹೆಚ್ಚು ಹತ್ತಿಯ ಧೂಳು ಇರಬಾರದೆಂದು 1978ರಲ್ಲಿ ನಿಯಮ ಮಾಡಿದರು. ಮಾಲೀಕರು ಖರ್ಚಿನ ಲೆಕ್ಕ ಹೇಳಿ ನ್ಯಾಯಾಲಯಕ್ಕೆ ಹೋದರೂ 1981ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ನಿಯಮವನ್ನು ಎತ್ತಿಹಿಡಿಯಿತು. ನಮ್ಮ ದೇಶದಲ್ಲಿಯೂ 1948ರ ಕಾರ್ಖಾನೆ ಕಾಯ್ದೆಯ 14ನೆಯ ಕಲಮು ಧೂಳನ್ನು ಅದು ಹುಟ್ಟುವ ಜಾಗದಲ್ಲಿಯೇ ಹಿಡಿದು ಹೊರಹಾಕಬೇಕೆಂದು ಹೇಳಿತ್ತು. ಕೆಲಸದಿಂದ ಬಂದ ರೋಗವೆಂದು ಪರಿಹಾರ ಕೊಡುವ ಪಟ್ಟಿಯಲ್ಲಿ, ಇ.ಎಸ್.ಐ. ಕಾಯ್ದೆಯ ಮೂರನೆಯ ಪಟ್ಟಿಯೂ ಸೇರಿ, ಹತ್ತಿ ಧೂಳಿನ ಈ ರೋಗದ ಹೆಸರು ಇತ್ತು. ಆದರೆ ಪಟ್ಟಿಯಲ್ಲಿ ಹೆಸರಿದ್ದು ಪ್ರಯೋಜನವೇನು? ರೋಗಿಯ ಚೀಟಿಯಲ್ಲಿ "ಅಲರ್ಜಿ", "ಅಸ್ತಮಾ", "ಬೀಡಿ ಸೇದುತ್ತಾರೆ" ಎಂದಷ್ಟೇ ಬರೆದರೆ ಆ ಪಟ್ಟಿ ಮುಚ್ಚಿಯೇ ಇರುತ್ತದೆ. ಆಸ್ಪತ್ರೆಗೆ ಹೋದಾಗ ಬಾಯಿಬಿಟ್ಟು ಹೇಳಿರಿ: ಯಾವ ಗಿರಣಿ, ಯಾವ ವಿಭಾಗ, ಎಷ್ಟು ವರ್ಷ, ರಜೆಯ ಮರುದಿನ ಏನಾಗುತ್ತಿತ್ತು. ಹೇಳಿದ್ದನ್ನು ಬರೆದುಕೊಳ್ಳಿರಿ ಎಂದೂ ಕೇಳಿರಿ. ಕೇಳಿದರೆ ವೈದ್ಯರು ಸಿಟ್ಟಾಗುತ್ತಾರೆಂಬ ಅಂಜಿಕೆ ಬೇಡ.

ಆ ಹಿರಿಯರ ಹೆಂಡತಿಗೆ ನಾವು ಹೇಳಿದ್ದು ಇಷ್ಟೇ: "ಅಮ್ಮಾ, ಇದು ನಿಮ್ಮ ಪೊರಕೆಯ ತಪ್ಪಲ್ಲ." ಆದರೆ ಒಣ ಪೊರಕೆಯಿಂದ ದಿನಕ್ಕೆ ಮೂರು ಸಲ ಗುಡಿಸುವುದನ್ನು ನಿಲ್ಲಿಸಿರಿ ಎಂದೂ ಹೇಳಿದೆವು. ಒಣ ಪೊರಕೆ ಧೂಳನ್ನು ಮನೆಯಿಂದ ಓಡಿಸುವುದಿಲ್ಲ. ನೆಲದಿಂದ ಎತ್ತಿ ಮೂಗಿನ ಮಟ್ಟಕ್ಕೆ ತರುತ್ತದೆ. ನಮ್ಮ ಅಜ್ಜಿಯರು ನೀರು ಚಿಮುಕಿಸಿ ಗುಡಿಸುತ್ತಿದ್ದರಲ್ಲ, ಅದು ಬುದ್ಧಿವಂತಿಕೆ. ಸಿಮೆಂಟು ನೆಲವೂ ಟೈಲ್ಸೂ ಬಂದ ಮೇಲೆ ಅದನ್ನು ಬಿಟ್ಟೆವು. ಈಗ ಒದ್ದೆ ಬಟ್ಟೆಯಿಂದ ಒರಸಿದರೆ ಸಾಕು. ನಳದಲ್ಲಿ ನೀರು ದಿನವೂ ಬರುವುದಿಲ್ಲವೆಂದು ಹೇಳುತ್ತೀರಿ, ನಿಜ. ಬಟ್ಟೆ ಜಾಲಿಸಿದ ಕಡೆಯ ನೀರನ್ನು ಚೆಲ್ಲದೆ ಇಟ್ಟುಕೊಂಡರೆ ನೆಲಕ್ಕೆ ಅದೇ ಆಗುತ್ತದೆ. ಒರಸುವ ಬಟ್ಟೆಯನ್ನು ಮೂಲೆಯಲ್ಲಿ ಮುದ್ದೆಯಾಗಿ ಎಸೆಯದೆ ಬಿಸಿಲಿಗೆ ಹರವಬೇಕು. ಇಲ್ಲದಿದ್ದರೆ ಅದರಲ್ಲೇ ಬೂಷ್ಟು ಬೆಳೆಯುತ್ತದೆ.

ಗುಡಿಸುವಾಗಲೂ ಹಾಸಿಗೆ ಕೊಡಹುವಾಗಲೂ ಉಬ್ಬಸದ ಮಗುವನ್ನು ಹೊರಗೆ ಕಳುಹಿಸಿರಿ. ಮುಗಿದ ಮೇಲೆ ಅರ್ಧ ಗಂಟೆ ಒಳಗೆ ಕರೆಯಬೇಡಿರಿ. ನುಸಿಯ ಹಿಕ್ಕೆಯ ಕಣ ಭಾರವಾದ್ದರಿಂದ ಅಷ್ಟು ಹೊತ್ತಿಗೆ ನೆಲಕ್ಕೆ ಇಳಿಯುತ್ತದೆ. ಹತ್ತಿಯ ನಯವಾದ ಪುಡಿ ಹಾಗಲ್ಲ, ಅದು ಬಹಳ ಹೊತ್ತು ತೇಲುತ್ತಿರುತ್ತದೆ. ವೇಸ್ಟ್ ಬಿಡಿಸುವ ಮನೆಗೆ ಅರ್ಧ ಗಂಟೆಯ ಲೆಕ್ಕ ಸಾಲದು.

ಎಲ್ಲಕ್ಕಿಂತ ದೊಡ್ಡದು ಹಾಸಿಗೆಯ ವಿಷಯ. ರಾತ್ರಿ ಎಂಟು ಗಂಟೆ ಮಗುವಿನ ಮೂಗು ಇರುವುದು ದಿಂಬಿನ ಮೇಲೆ. ಅಲ್ಲಿ ಬೆವರಿನ ತೇವ ಇದೆ, ಮೈಯ ಬಿಸಿ ಇದೆ, ಉದುರುವ ಹೊಟ್ಟು ಇದೆ. ನುಸಿಗೆ ಇನ್ನೇನು ಬೇಕು? ಹಳೆಯ ಹತ್ತಿಯ ಹಾಸಿಗೆ, ಬೂರುಗದ ಅರಳೆ ತುಂಬಿದ ದಿಂಬು, ಬನಿಯನ್ ಚೂರು ತುಂಬಿದ ದಿಂಬು, ಮೂರನ್ನೂ ನಮ್ಮ ಮನೆಗಳಲ್ಲಿ ಕಂಡೆವು. ಚೂರಿನ ದಿಂಬು ಅಗ್ಗವೆಂದು ತರುತ್ತೇವೆ. ಒಳಗೆ ಏನು ತುಂಬಿದ್ದಾರೆಂದು ತೆರೆದು ನೋಡಿದವರು ಯಾರು? ಒಂದನ್ನು ಹೊಲಿಗೆ ಬಿಚ್ಚಿ ನೋಡಿದೆವು. ದಾರದ ಗಂಟು, ಎಣ್ಣೆ ಹತ್ತಿದ ಚೂರು, ಹಿಟ್ಟಿನಂಥ ಧೂಳು.

ಉಬ್ಬಸದ ಮಗುವಿಗೆ ಹತ್ತಿಯ ಹಾಸಿಗೆಗಿಂತ ಕೋರೆಯ ಚಾಪೆ ಒಳ್ಳೆಯದು. ಚಾಪೆಯ ಮೇಲೆ ಒಗೆದ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿರಿ, ವಾರಕ್ಕೊಮ್ಮೆ ಒಗೆಯಿರಿ. ಬಡವರ ಮನೆಯ ಚಾಪೆಯನ್ನು ಕಂಡು ಯಾರಾದರೂ ಕನಿಕರಪಟ್ಟರೆ, ಇದು ವೈದ್ಯರು ಹೇಳಿದ ಹಾಸಿಗೆ ಎನ್ನಿರಿ. ಒಗೆಯುವ ನೀರು 55 ಡಿಗ್ರಿಗಿಂತ ಬಿಸಿಯಾಗಿದ್ದರೆ ನುಸಿ ಸಾಯುತ್ತದೆ. ಅಳೆಯುವ ಯಂತ್ರ ಬೇಕಿಲ್ಲ: ಕುದಿಯುವ ನೀರು ಒಂದು ಪಾಲು, ನಳದ ನೀರು ಒಂದು ಪಾಲು ಸೇರಿಸಿದರೆ ಹೆಚ್ಚು ಕಡಿಮೆ 60 ಡಿಗ್ರಿಗೆ ಬರುತ್ತದೆ. ಕೈ ಇಡಬೇಡಿರಿ, ಕೋಲಿನಿಂದ ಅದ್ದಿರಿ, ಮಕ್ಕಳನ್ನು ದೂರ ಇರಿಸಿರಿ. ಬಣ್ಣ ಬಿಡುವ ಬಟ್ಟೆಯನ್ನು ಅದರೊಂದಿಗೆ ಹಾಕಿದರೆ ನಮ್ಮನ್ನು ಬೈಯಬೇಡಿರಿ. ಬಿಸಿ ನೀರಿಗೆ ಸೌದೆ ಗ್ಯಾಸು ಇಲ್ಲದ ದಿನ ತಣ್ಣೀರಿನಲ್ಲಿ ಒಗೆದರೂ ಹಿಕ್ಕೆಯ ಬಹುಭಾಗ ಹೋಗುತ್ತದೆ, ನುಸಿ ಮಾತ್ರ ಕೆಲವು ಉಳಿಯುತ್ತವೆ. ಒಗೆಯಲಾಗದ ಹಾಸಿಗೆಯನ್ನು ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿಗೆ ಹಾಕಿ ಎರಡೂ ಬದಿ ತಿರುವಿದರೆ ಒಣಗಿ ಸಾಯುತ್ತವೆ. ಸತ್ತ ಮೇಲೂ ಹಿಕ್ಕೆ ಅಲ್ಲಿಯೇ ಇರುತ್ತದೆ. ಆದುದರಿಂದ ಬಿಸಿಲಿಗೆ ಹಾಕಿದ ಮೇಲೆ ಬೀದಿಯಲ್ಲಿ ಚೆನ್ನಾಗಿ ಬಡಿಯಬೇಕು. ಬಡಿಯುವವರು ಉಬ್ಬಸ ಇಲ್ಲದವರಾಗಿರಲಿ.

ದಿಂಬಿಗೆ ಹಾಸಿಗೆಗೆ ಹಾಕಲು "ಅಲರ್ಜಿ ಕವರು" ಎಂದು ದೊಡ್ಡ ಅಂಗಡಿಗಳಲ್ಲಿ ಮಾರುತ್ತಾರೆ, ಬೆಲೆ ಕೇಳಿ ಹಿಂದೆ ಬಂದೆವು. ಅದರ ಗುಟ್ಟು ಏನೆಂದು ನೋಡಿದರೆ ನಗು ಬಂತು: ಒತ್ತಾಗಿ ನೇಯ್ದ ಬಟ್ಟೆ, ಅಷ್ಟೇ! ಎಳೆಗಳ ನಡುವಿನ ರಂಧ್ರ ಸುಮಾರು 10 ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಸಣ್ಣದಾಗಿದ್ದರೆ ನುಸಿಯೂ ದಾಟದು, ಹಿಕ್ಕೆಯೂ ದಾಟದು. ಊರಿಗೆಲ್ಲ ಬಟ್ಟೆ ಕೊಡುವ ನಾವು ನಮ್ಮ ಮಕ್ಕಳ ದಿಂಬಿಗೆ ಆ ಬಟ್ಟೆ ಇಲ್ಲದೆ ಇದ್ದೇವೆ. ಬನಿಯನ್ ಬಟ್ಟೆ ಇದಕ್ಕೆ ಆಗದು. ಹೆಣಿಗೆಯ ಕುಣಿಕೆ ಎಳೆದರೆ ಬಾಯಿ ಬಿಡುತ್ತದೆ. ಒತ್ತು ನೇಯ್ಗೆಯ ನಯವಾದ ಬಟ್ಟೆಯನ್ನು ಎರಡು ಪದರ ಮಾಡಿ, ಬಾಯಿಯನ್ನು ಮಡಿಸಿ ಹೊಲಿದರೆ ಕಂಪನಿಯ ಕವರಿನಷ್ಟು ಅಲ್ಲದಿದ್ದರೂ ಬರಿಯ ದಿಂಬಿಗಿಂತ ಎಷ್ಟೋ ಮೇಲು. ನಮ್ಮ ಟೈಲರಿಂಗ್ ಸಹೋದರಿಯರು ಇದನ್ನು ಹೊಲಿದುಕೊಡಲು ಒಪ್ಪಿದ್ದಾರೆ.

ಗಿರಣಿಯಿಂದ ಬರುವವರಿಗೆ ಒಂದು ಮಾತು. ಪಾಳಿ ಮುಗಿದ ಮೇಲೆ ಏರ್ ಪೈಪು ಹಿಡಿದು ಮೈಗೆಲ್ಲ ಗಾಳಿ ಹೊಡೆದುಕೊಳ್ಳುವ ಅಭ್ಯಾಸ ಇದೆ. ಅದು ಮೈಯ ಹತ್ತಿಯನ್ನು ಪಕ್ಕದವನ ಮೂಗಿಗೆ ಕಳುಹಿಸುತ್ತದೆ; ಕಣ್ಣಿಗೂ ಕಿವಿಗೂ ಅಪಾಯ. ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿರಿ, ಬಾಗಿಲಲ್ಲಿಯೇ ಅಂಗಿ ಬದಲಿಸಿರಿ, ಕೆಲಸದ ಅಂಗಿಯನ್ನು ಹೊರಗಿನ ಗೂಟಕ್ಕೆ ಹಾಕಿರಿ, ತಲೆ ತೊಳೆಯದೆ ಮಗುವನ್ನು ಎತ್ತಬೇಡಿರಿ. "ಅಪ್ಪ ಬಂದ ಕೂಡಲೇ ಓಡಿ ಬಂದು ಕೊರಳಿಗೆ ಬೀಳುತ್ತದೆ, ಹೇಗೆ ಬೇಡ ಎನ್ನಲಿ?" ಎಂದು ಒಬ್ಬರು ಕೇಳಿದರು. ಅವರೇ ಈಗ ಬಾಗಿಲ ಹೊರಗೆ ಬಕೆಟ್ಟಿನ ಬಳಿ ನಿಂತು ಮಗುವಿಗೆ ಅಣಕು ತೋರಿಸುತ್ತಾ ತಲೆಗೆ ನೀರು ಹೊಯ್ದುಕೊಳ್ಳುತ್ತಾರೆ, ಮಗು ಬಾಗಿಲಲ್ಲಿ ನಿಂತು ನಗುತ್ತದೆ. ಮೂಗಿಗೆ ಕರ್ಚೀಫು ಕಟ್ಟಿದರೆ ಎಳೆಯಂಥ ಹತ್ತಿ ನಿಲ್ಲುತ್ತದೆ, ನಯವಾದ ಪುಡಿ ನಿಲ್ಲುವುದಿಲ್ಲ. ಕೊರೋನಾ ಕಾಲದಲ್ಲಿ ಎಲ್ಲರೂ ಕಂಡ ಎನ್-95 ಮಾದರಿಯ ಮಾಸ್ಕು ಮುಖಕ್ಕೆ ಸರಿಯಾಗಿ ಕೂತರೆ ನಿಲ್ಲಿಸುತ್ತದೆ. ಅದನ್ನು ಕೊಡುವುದು ಮಾಲೀಕರ ಕೆಲಸ.

ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲವನ್ನು ತೊಡಿಸಿ ಎಳೆದರೆ ಧೂಳು ಚೀಲದೊಳಗೇ ಬೀಳುತ್ತದೆ. ಅಟ್ಟದ ಮೇಲಿನ ಹಳೆಯ ಬಟ್ಟೆಯ ಗಂಟನ್ನು ಕೊಟ್ಟುಬಿಡಿರಿ, ಇಲ್ಲವೇ ಬಾಯಿ ಕಟ್ಟಿದ ಚೀಲದಲ್ಲಿ ಇಡಿರಿ. ಮಿಕ್ಕ ಅನ್ನವನ್ನು ಮುಚ್ಚಿಟ್ಟರೆ ಜಿರಲೆ ಕಡಿಮೆಯಾಗುತ್ತದೆ.

ಸೊಳ್ಳೆಬತ್ತಿಯ ವಿಷಯದಲ್ಲಿ ಮಾತ್ರ ನಾವು ಕಟುವಾಗಿಯೇ ಹೇಳುತ್ತೇವೆ. ಮುಚ್ಚಿದ ಕೋಣೆಯಲ್ಲಿ ಒಂದು ಬತ್ತಿ ಪೂರ್ತಿ ಉರಿದರೆ ಬರುವ ನಯವಾದ ಹೊಗೆಕಣ 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಮಗುವಿಗೆ ಉಬ್ಬಸವೆಂದು ಮನೆಯಲ್ಲಿ ಬೀಡಿ ಬಿಟ್ಟ ತಂದೆಯೊಬ್ಬರು ಅದೇ ಮಗುವಿನ ತಲೆಯ ಹತ್ತಿರ ಬತ್ತಿ ಹಚ್ಚಿ ಮಲಗುತ್ತಿದ್ದರು. ಸೊಳ್ಳೆಪರದೆ ಕಟ್ಟಿರಿ. ಪರದೆಯನ್ನೂ ತಿಂಗಳಿಗೊಮ್ಮೆ ಒಗೆಯಿರಿ.

ಇಷ್ಟೆಲ್ಲ ಮಾಡಿದರೆ ರೋಗ ಹೋಗುತ್ತದೆಯೇ ಎಂದು ಕೇಳುವಿರಿ. ಸುಳ್ಳು ಭರವಸೆ ಕೊಡುವುದಿಲ್ಲ. ನುಸಿಯನ್ನು ತಡೆಯುವ ಉಪಾಯಗಳ ಕುರಿತು ನಡೆದ 50ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ಡೆನ್ಮಾರ್ಕಿನ ಸಂಶೋಧಕರು ನೋಡಿದಾಗ ಅವುಗಳಿಂದ ಉಬ್ಬಸಕ್ಕೆ ಪ್ರಯೋಜನ ಕಾಣಲಿಲ್ಲ. ಕವರು ಹಾಕಿ ಕೂತರೆ ಸಾಲದು ಎಂದಾಯಿತು. ಆದರೆ ಅಮೆರಿಕದ ಏಳು ನಗರಗಳ ಬಡ ಕೇರಿಗಳಲ್ಲಿ 937 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಆಯಾ ಮಗುವಿಗೆ ಯಾವುದು ಆಗದೋ ಅದನ್ನು ಕಂಡುಕೊಂಡು ಹಾಸಿಗೆ, ಜಿರಲೆ, ಹೊಗೆ, ನೆಲ ಎಲ್ಲವನ್ನೂ ಒಟ್ಟಿಗೆ ಹಿಡಿದು, ಮನೆಗೆ ಮತ್ತೆ ಮತ್ತೆ ಹೋಗಿ ಹೇಳಿಕೊಟ್ಟಾಗ, ಉಬ್ಬಸದ ದಿನಗಳು ಎರಡು ವಾರಕ್ಕೆ ಮುಕ್ಕಾಲು ದಿನಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆಯಾದವು. ಮುಕ್ಕಾಲು ದಿನ ಏನು ಮಹಾ ಎನ್ನಬಹುದು. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತು ದಿನ. ತಾಯಿ ಕೆಲಸಕ್ಕೆ ತಪ್ಪಿಸಿಕೊಳ್ಳದ, ಮಗು ಶಾಲೆಗೆ ಹೋದ ಇಪ್ಪತ್ತು ದಿನಗಳು.

ಧೂಳು ಕಡಿಮೆ ಮಾಡುತ್ತೇವೆಂದು ಔಷಧ ನಿಲ್ಲಿಸಬಾರದು. ಇನ್‌ಹೇಲರ್ ಹಿಡಿದರೆ ಚಟ ಹತ್ತುತ್ತದೆ, ಹೆಣ್ಣುಮಗುವಿಗೆ ಮದುವೆಯಾಗದು ಎಂಬ ಮಾತನ್ನು ಬಹಳ ಮನೆಗಳಲ್ಲಿ ಕೇಳಿದೆವು. ಚಟ ಹತ್ತುವುದಿಲ್ಲ. ಗುಳಿಗೆಯಲ್ಲಿ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತಬೇಕಾದ ಔಷಧ ಇದರಲ್ಲಿ ಸಣ್ಣ ಪ್ರಮಾಣದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ದಿನವೂ ಎಳೆಯಬೇಕಾದದ್ದು ಒಂದು, ಉಬ್ಬಸ ಬಂದಾಗ ಎಳೆಯುವುದು ಒಂದು. ಯಾವುದು ಯಾವುದೆಂದು ವೈದ್ಯರನ್ನು ಕೇಳಿ ಡಬ್ಬಿಯ ಮೇಲೆ ಗುರುತು ಹಾಕಿಸಿಕೊಳ್ಳಿರಿ. ಮಗು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾರದೆ ಹೋದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ಆಗ ಪೊರಕೆಯೂ ಬೇಡ ಎಣ್ಣೆಯೂ ಬೇಡ. ಆಟೋ ಹಿಡಿಯಿರಿ, ಇಲ್ಲವೇ 108ಕ್ಕೆ ಫೋನು ಮಾಡಿರಿ.

ಬನಿಯನ್ ವೇಸ್ಟಿನ ಆ ತಾಯಿಯ ಮನೆಗೆ ತಿರುಗಿ ಬರೋಣ. ಅವರು ಕೆಲಸ ಬಿಡಲಿಲ್ಲ. ಮೂಟೆಯನ್ನು ಹೊರಗಿನ ಜಗಲಿಗೆ ತಂದು ಟಾರ್ಪಾಲು ಮುಚ್ಚಿದ್ದಾರೆ. ಹುಡುಗಿ ಶಾಲೆಯಲ್ಲಿರುವ ಹೊತ್ತಿನಲ್ಲಿ, ಗಾಳಿಗೆ ಬೆನ್ನು ಮಾಡಿ ಕೂತು ಬಿಡಿಸುತ್ತಾರೆ. ಮೂರು ಗಂಟೆಗೆ ನಿಲ್ಲಿಸಿ ಸೀರೆ ಬದಲಿಸಿ ನೆಲ ಒರಸುತ್ತಾರೆ. ಇದರಿಂದ ದಿನಕ್ಕೆ ಎರಡು ಮೂರು ಕಿಲೋ ಕೂಲಿ ಕಡಿಮೆಯಾಗಿದೆ. ಹುಡುಗಿಗೆ ಸರಕಾರಿ ಆಸ್ಪತ್ರೆಯಲ್ಲಿ ಇನ್‌ಹೇಲರ್ ಕೊಟ್ಟಿದ್ದಾರೆ, ಅಜ್ಜಿಯೇ ಎಣಿಸಿ ಎಳೆಸುತ್ತಾರೆ. ರಾತ್ರಿಯ ಕೆಮ್ಮು ತಗ್ಗಿದೆ. ಆಡಿಯ ಗಾಳಿಯಲ್ಲಿ ಒಂದು ಸಲ ಜೋರಾಗಿ ಬಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ಮಳೆ ಬಂದರೆ ಜಗಲಿಯ ಮೂಟೆ ಎಲ್ಲಿಗೆ ಹೋಗಬೇಕು ಎಂಬುದು ಈಗಿನ ಪ್ರಶ್ನೆ. ಒಳಗೆ ತಂದರೆ ಮೊದಲಿನ ಕಥೆ. ಚೂರು ಕೊಡುವ ಗುತ್ತಿಗೆದಾರರ ಗೋದಾಮಿನ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು ಖಾಲಿ ಇದೆ. ಮನೆಯಲ್ಲಿ ಬಿಡಿಸುವ ಹೆಂಗಸರೆಲ್ಲ ಅಲ್ಲಿ ಕೂತು ಕೆಲಸ ಮಾಡಲು ಬಿಡಿ ಎಂದು ಕೇಳಿದೆವು. "ನೋಡೋಣ" ಎಂದರು. ಹಿಂಗಾರು ಹಿಡಿಯುವ ಮುಂಚೆ ಇನ್ನೊಂದು ಸಲ ಕೇಳಬೇಕು. ನಾವು ನಾಲ್ವರೇ ಹೋದರೆ ಅವರು ಮತ್ತೆ "ನೋಡೋಣ" ಎಂದಾರು. ಆದುದರಿಂದ ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಈ ಕೆಲಸ ಮಾಡುವ ಸಹೋದರಿಯರೆಲ್ಲ ಇಲ್ಲಿಗೆ ಬನ್ನಿರಿ, ಒಟ್ಟಿಗೆ ಹೋಗೋಣ. ದಿಂಬಿನ ಕವರು ಬೇಕಾದವರು ತಮ್ಮ ದಿಂಬಿನ ಉದ್ದ ಅಗಲವನ್ನು ದಾರದಿಂದ ಅಳೆದುಕೊಂಡು ಆ ದಾರವನ್ನು ಅಂದೇ ತಂದುಕೊಡಿರಿ.